ಇಪ್ಪತ್ತು ವರ್ಷ ತಾಳುವ ಬಾಟ್ಲಿ

ಸುಂದ್ರಮ್ಮನ ನಾಲಿಗೆಯ ಬಗ್ಗೆ ಶಹಾಪುರದಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಇದ್ದವರು ಅದನ್ನು ಅವಳ ಮುಂದೆ ಹೇಳುತ್ತಿರಲಿಲ್ಲ. ಈಚಲ ಮರದ ಸೇಂದಿಯನ್ನು ಬೆರಳ ತುದಿಯಿಂದ ನಾಲಿಗೆಗೆ ತಾಗಿಸಿ, ಯಾವ ಮಡಕೆ ಸಂಜೆತನಕ ನಿಲ್ಲುತ್ತದೆ, ಯಾವುದು ಮಧ್ಯಾಹ್ನಕ್ಕೇ ಹುಳಿಯುತ್ತದೆ ಎಂದು ಹೇಳುತ್ತಲೇ ಮಕ್ಕಳನ್ನು ಸಾಕಿದವಳು ಅವಳು. ಆಮೇಲೆ ಸೇಂದಿ ನಿಂತಿತು. ಕೆನಾಲು ಬಂತು, ಜೋಳದ ಹೊಲಗಳೆಲ್ಲ ಗದ್ದೆಯಾದವು, ಮಗ ಈಶಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ವೈನ್ ಶಾಪ್ ಇಟ್ಟು ಅವನ ತಲೆಯೂ ನೆರೆಯಿತು. ಹೆಸರಿಗೆ ವೈನ್ ಶಾಪು, ಒಳಗೆ ವೈನು ಮಾತ್ರ ಇರಲಿಲ್ಲ. ರಮ್ಮು, ವಿಸ್ಕಿ, ಬೀರು ಇಷ್ಟೇ ವ್ಯಾಪಾರ. ಆದರೂ ಮನೆಗೆ ಹೊಸ ಬಾಟ್ಲಿ ಏನೇ ಬಂದರೂ ಮೊದಲ ಗುಟುಕು ಸುಂದ್ರಮ್ಮನದೇ ಆಗಬೇಕಿತ್ತು.

ಆ ವರ್ಷ ಹತ್ತಿಯ ಸುಗ್ಗಿಯಲ್ಲಿ ಈಶಪ್ಪನಿಗೆ ಸುರಪುರದಲ್ಲಿ ಇನ್ನೊಂದು ಅಂಗಡಿಗೆ ಪರವಾನಗಿ ಸಿಕ್ಕಿತು. ಪೇಢೆ ಹಂಚಿದ ಮರುದಿನವೇ ಮನೆಯಲ್ಲಿ ಜಗಳ ಶುರುವಾಯಿತು. ಒಬ್ಬ ಮನುಷ್ಯ ಎರಡು ಊರಿನ ಗಲ್ಲಾದ ಮುಂದೆ ಕೂರಲಾರ. ಹಾಗಾದರೆ ಶಹಾಪುರದ ಗಲ್ಲಾ ಯಾರಿಗೆ?

"ಖಂಡಪ್ಪನ್ನ ಕರಸ್ತೀನಿ," ಅಂದ ಈಶಪ್ಪ, ರೊಟ್ಟಿ ಮುರಿಯುತ್ತ. ಖಂಡಪ್ಪ ಬಳಿಚಕ್ರಕ್ಕೆ ಕೊಟ್ಟ ಅಕ್ಕನ ಮಗ. ಮಾತುಗಾರ, ನಗುಮುಖದವನು, ಮಾವ ಹಾಕಿದ ಗೆರೆ ದಾಟದವನು.

ಹೈದರಾಬಾದಿನ ಕೆಲಸ ಬಿಟ್ಟು ಬಂದು ಮನೆಯಲ್ಲಿದ್ದ ಅವನ ಮಗಳು ಮಾನಮ್ಮ ಪುಂಡಿಪಲ್ಯ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ನಾ ಮನ್ಯಾಗ ಇದ್ದೀನಲ್ಲಪ್ಪ."

"ಹೆಣ್ಮಗಳು ಬ್ರಾಂದಿ ಅಂಗಡ್ಯಾಗ ಕುಂದರ್ತಾಳೇನು? ಮಂದಿ ಏನಂದಾರು?"

"ಹೈದರಾಬಾದಿನ್ಯಾಗ ಅಷ್ಟು ದೊಡ್ಡ ಹೋಟೆಲಿನ್ಯಾಗ ಮತ್ತೇನು ಮಾಡಾಕತ್ತಿದ್ದೆ ನಾನು? ಯಾವ ಬಾಟ್ಲಿ ಯಾವ ಊಟಕ್ಕ ಅಂತ ಹೇಳೂದ ನನ್ನ ಕೆಲಸ ಆಗಿತ್ತು."

"ಅಲ್ಲಿ ನಿನ್ನ ಗುರ್ತು ಯಾರಿಗಿತ್ತು? ಇಲ್ಲಿ ಎಲ್ಲಾರಿಗೂ ಅದ."

ಸುಂದ್ರಮ್ಮನಿಗೆ ತಡೆಯಲಾಗಲಿಲ್ಲ. "ನಿನ್ನ ಬಗಲಾಗ ಹೊತ್ಕೊಂಡು ಸಂತ್ಯಾಗ ಸೇಂದಿ ಮಾರೀನಿ ನಾನು. ಅವಾಗ ಯಾವ ಮಂದಿ ಏನಂದ್ರು?"

"ಅವಾಗ ಹೊಟ್ಟಿಗಿ ಇದ್ದಿಲ್ಲ, ಅವ್ವ. ಮಂದಿ ಸುಮ್ಮನಿದ್ರು. ಈಗ ಉಂಡು ತಿಂದು ಗಟ್ಟಿ ಇದ್ದೀವಿ, ಸುಮ್ಮನಿರಾಂಗಿಲ್ಲ."

ಒಲೆಯ ಮುಂದಿದ್ದ ಸೊಸೆ ರೇಣಮ್ಮ ಇಬ್ಬರಿಗೂ ನೋವಾಗದ ದಾರಿ ಹುಡುಕಿದಳು. "ಖಂಡಪ್ಪಗೂ ಇಕಿಗೂ ಲಗ್ನ ಮಾಡಿಬಿಟ್ರ ಗಲ್ಲಾ ಮನ್ಯಾಗ ಉಳೀತದಲ್ರಿ ಅತ್ತಿ."

"ನಾ ಗಲ್ಲಾ ಕೇಳೀನವ್ವ," ಅಂದಳು ಮಾನಮ್ಮ, "ಗಂಡನ್ನ ಕೇಳಿಲ್ಲ."

ಸುಂದ್ರಮ್ಮನಿಗೆ ನಗು ಬಂದು ರೊಟ್ಟಿ ಗಂಟಲಿಗೆ ಸಿಕ್ಕಿತು. ಖಂಡಪ್ಪನೂ ಅವಳ ಮೊಮ್ಮಗನೇ, ಮಗಳ ಮಗ. ಅವನ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ. ಆದರೆ ಗಲ್ಲಾ ಈ ಹುಡುಗಿಯದೇ ಆಗಬೇಕು ಎಂದು ಅವಳು ನೀರು ಕುಡಿಯುತ್ತಲೇ ತೀರ್ಮಾನ ಮಾಡಿಬಿಟ್ಟಳು.

ಮುಂದಿನ ವಾರ ಖಂಡಪ್ಪ ಚೀಲ ಹಿಡಿದುಕೊಂಡು ಬಂದ. ಅವನು ಬಂದ ಎರಡು ದಿನಕ್ಕೆ ಬಸವಂತರಾಯ ಸಾವ್ಕಾರರೂ ಮನೆಗೇ ಬಂದರು. ಕೆನಾಲಿಗೆ ಕಲ್ಲು ಕಟ್ಟುವ ಗುತ್ತಿಗೆ ಹಿಡಿದು ಮೇಲೆ ಬಂದವರು, ಈಗ ಅಕ್ಕಿ ಗಿರಣಿಯ ಮಾಲೀಕರು. ಅವರ ಮೊಮ್ಮಗನಿಗೆ ಮೂರು ವರ್ಷ; ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಜವಳ, ಮೊದಲ ಕೂದಲು ತೆಗೆಸುವ ಕಾರ್ಯ, ಇಟ್ಟುಕೊಂಡಿದ್ದರು.

"ಕೆನಾಲ ಕೆಲಸದಾಗ ನಮಗ ಒಬ್ಬ ಪರದೇಶದ ಇಂಜಿನಿಯರ ಇದ್ದ," ಎಂದರು ಅವರು, ಚಹಾ ಬಸಿಗೆ ಸುರಿದುಕೊಳ್ಳುತ್ತ. "ಅವರ ಕಡಿ ಕೂಸು ಹುಟ್ಟಿದ ವರ್ಸದ ಕೆಂಪು ವೈನು ತೆಗದಿಟ್ಟು, ಅದರ ಮದುವ್ಯಾಗ ಒಡೀತಾರಂತ. ಅವಾಗ ನನ್ನ ಹತ್ರ ಏನಿತ್ತು? ಕೇಳಿ ಸುಮ್ಮನಾದೆ. ಈಗ ಮಾಡಬೇಕಂತ ಮನಸ್ಸಾಗ್ಯಾದ. ಫ್ರಾನ್ಸಿಂದ ಆಗಬೇಕು, ಇಪ್ಪತ್ತು ವರ್ಸ ಕೆಡಬಾರದು. ಒಂದು ಪೆಟ್ಟಿಗಿ ತರಸಿ ಕೊಡು, ಈಶಪ್ಪ."

ಈಶಪ್ಪ ಖಂಡಪ್ಪನ ಮುಖ ನೋಡಿದ, ಖಂಡಪ್ಪ ಚಹಾದ ಬಸಿ ನೋಡಿದ. ಒಳಬಾಗಿಲಲ್ಲಿ ನಿಂತಿದ್ದ ಮಾನಮ್ಮ ಮುಂದೆ ಬಂದಳು.

"ಫ್ರಾನ್ಸಿಂದಂದ್ರ ಅಲ್ಲಿ ಎಲ್ಲಾನೂ ತಾಳೂದಿಲ್ರಿ ಸಾವ್ಕಾರ್ರ. ಹತ್ತರಾಗ ಒಂಬತ್ತು ಈಗಿಂದೀಗ ಕುಡ್ಯಾಕ ಮಾಡಿದ್ದು. ಎರಡ್ಮೂರು ಥರದ ದ್ರಾಕ್ಷಿ ಕೂಡಿಸಿ ಮಾಡ್ತಾರ, ಆ ಕೂಡಿಕಿ ಹೆಂಗದ ಅನ್ನೂದರ ಮ್ಯಾಲೆ ಅದರ ಆಯುಷ್ಯ. ಮೊದಲು ಮೂರು ನಮೂನಿ ತರಸ್ತೀವ್ರಿ. ನೀವು ರುಚಿ ನೋಡಿ ಹೇಳ್ರಿ."

"ಶಾಣ್ಯಾಕಿ ಇದ್ದಾಳ," ಎಂದು ಸಾವ್ಕಾರರು ಎದ್ದರು.

ಸುಂದ್ರಮ್ಮ ಇಂಥ ಹೊತ್ತನ್ನು ಕೈಬಿಡುವವಳಲ್ಲ. ಸಾವ್ಕಾರರ ಜೀಪು ತಿರುವು ದಾಟುವ ಮೊದಲೇ ಮಗನನ್ನು ಹಿಡಿದಳು. "ಇಬ್ಬರೂ ಒಂದೊಂದು ಬಾಟ್ಲಿ ಆರಸಲಿ. ಸಾವ್ಕಾರ್ರು ಯಾರದ್ದು ಒಪ್ಪತಾರ ಅವರ ಗಲ್ಲಾಕ್ಕ ಕುಂದರಲಿ. ಹೌದೋ ಅಲ್ಲೋ?"

ಈಶಪ್ಪ "ನೋಡೂಣು" ಅಂದ. ಅವನ 'ನೋಡೂಣು' ಹೌದೂ ಅಲ್ಲ, ಇಲ್ಲವೂ ಅಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಸುಂದ್ರಮ್ಮ ಮಾತ್ರ ಅದನ್ನು ಹೌದು ಎಂದೇ ಹಿಡಿದು ಓಣಿಯ ತುಂಬ ಹೇಳಿಕೊಂಡು ಬಂದಳು.

ಬೆಂಗಳೂರಿನಿಂದ ಹುಡುಗ ಹುಟ್ಟಿದ ವರ್ಷದ್ದೇ ಮೂರು ನಮೂನೆ ಬಂದವು, ಒಂದೊಂದರಲ್ಲಿ ಎರಡು ಬಾಟ್ಲಿ: ಮನೆಯವರು ರುಚಿ ನೋಡಲು ಒಂದು, ಸಾವ್ಕಾರರಿಗೆ ಒಂದು. ಹೆಸರುಗಳು ಮಾನಮ್ಮನೊಬ್ಬಳ ಬಾಯಿಗೇ ಬರುತ್ತಿದ್ದವು. ಉಳಿದವರು ಬಂಗಾರದ ಚೀಟಿಯದು, ಕೆಂಪು ಚೀಟಿಯದು, ಬಿಳಿ ಚೀಟಿಯದು ಎಂದು ಗುರುತಿಟ್ಟುಕೊಂಡರು. ಭಾನುವಾರ ಮಾಂಸದ ಸಾರು ಮಾಡಿದ್ದರು. ಮಾನಮ್ಮ ತಿರುಪು ಹಾಕಿ ಬಾಟ್ಲಿ ಬಾಯಿಯ ಬೂಚು ತೆಗೆದು ಸ್ಟೀಲ್ ಲೋಟಗಳಿಗೆ ಸ್ವಲ್ಪ ಸ್ವಲ್ಪ ಸುರಿದಳು. ಮೊದಲ ಲೋಟ ಸುಂದ್ರಮ್ಮನ ಕೈಗೆ ಬಂತು.

ಬಂಗಾರದ ಚೀಟಿಯದು ಮೆತ್ತಗೆ ಇಳಿಯಿತು, ಹಣ್ಣಿನ ಸಿಹಿ ಬಾಯಲ್ಲಿ ನಿಂತಿತು. ಕೆಂಪು ಚೀಟಿಯದು ಬಿಸಿ, ಮೆಣಸಿನ ಘಾಟು. ಬಿಳಿ ಚೀಟಿಯದನ್ನು ಬಾಯಿಗೆ ಹಾಕಿದ್ದೇ ತಡ, ಕಾಯಿ ನೇರಳೆ ಕಚ್ಚಿದಂತೆ ಒಸಡೆಲ್ಲ ಬಿಗಿದುಕೊಂಡಿತು.

"ಇದೇನು ವಗರವ್ವಾ, ಜಾಲಿ ತೊಗಟಿ ಕುದಿಸ್ಯಾರೇನು?" ಅಂದಳು ಸುಂದ್ರಮ್ಮ.

"ಬಂಗಾರದ್ದ ಛಲೋ ಅದ ಆಯಿ," ಅಂದ ಖಂಡಪ್ಪ. "ತುಟ್ಟಿನೂ ಅದ. ತುಟ್ಟಿದ್ದು ಕೊಟ್ರ ಸಾವ್ಕಾರ್ರಿಗಿ ಮಾನ, ನಮಗ ಲಾಭ."

ಮಾನಮ್ಮ ಬಿಳಿ ಚೀಟಿಯ ಲೋಟವನ್ನು ತಿರುಗಿಸಿ ಮೂಸಿ ಕೆಳಗಿಟ್ಟಳು. "ನನ್ನ ಮಾತು ಕೇಳೂದಾದ್ರ ಇದು. ಬೋರ್ಡೊ ಅಂಬೋ ಸೀಮಿದು. ಕ್ಯಾಬರ್ನೆ ಅನ್ನೂ ದ್ರಾಕ್ಷಿ ಹೆಚ್ಚಿಗಿ ಅದ, ಅದರ ಬಿರುಸು ಇಳಸಾಕ ಮೆರ್ಲೋ ಅನ್ನೂದು ಸ್ವಲ್ಪ ಕೂಡಿಸ್ಯಾರ. ಈ ವಗರು ಸಿಪ್ಪಿದು, ಬೀಜದ್ದು. ವಗರು, ಹುಳಿ ಎರಡೂ ಇದ್ರನ ಅದು ತಾಳೂದು. ವರ್ಸ ಹೋದಂಗ ವಗರು ಕರಗಿ ಪರಿಮಳ ಬರ್ತದ."

"ಬಂಗಾರದ್ದು?"

"ಅದರಾಗ ಮೆರ್ಲೋನ ಹೆಚ್ಚು, ಅದೂ ಬಾಳ ಮಾಗಿದ ಹಣ್ಣು. ಇವತ್ತು ಕುಡ್ಯಾಕ ಛಲೋ. ಹತ್ತು ವರ್ಸಕ್ಕ ಅದರಾಗ ಏನೂ ಇರಾಂಗಿಲ್ಲ."

ಈಶಪ್ಪ ಬಂಗಾರದ ಚೀಟಿಯ ಬಾಟ್ಲಿಯನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡ. ಊಟ ಮುಗಿಯುವುದರೊಳಗೆ ಮಾವ ಅಳಿಯ ಸೇರಿ ಮೂರನ್ನೂ ಖಾಲಿ ಮಾಡಿದರು. ಬಿಳಿ ಚೀಟಿಯದನ್ನು ಮುಖ ಕಿವುಚಿಕೊಂಡೇ ಮುಗಿಸಿದರು.

ಹುಡುಗಿ ಸೋಲುತ್ತಾಳೆ ಎಂದು ಸುಂದ್ರಮ್ಮನಿಗೆ ಖಾತ್ರಿಯಾಯಿತು. ಮಾನಮ್ಮ ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಹೋಗಿ ಕೂತಳು. "ನೀನೂ ಬಂಗಾರದ್ದ ಅನ್ನು, ಹುಡುಗಿ. ನನ್ನ ನಾಲಿಗಿ ಇನ್ನೂತನಾ ಸುಳ್ಳು ಹೇಳಿಲ್ಲ."

"ಖಂಡಪ್ಪ ಅಂದದ್ದನ್ನ ನಾನೂ ಅಂದ್ರ ನಾ ಯಾಕ ಬೇಕು ಆಯಿ?"

"ಗಲ್ಲಾ ಕೈ ಬಿಟ್ಟು ಹೋಗ್ತದಲ್ಲ."

"ನಿನ್ನ ನಾಲಿಗಿ ಇವತ್ತಿಂದು ಹೇಳ್ತದ," ಅಂದಳು ಮಾನಮ್ಮ, ಬೋಗುಣಿ ಬೋರಲು ಹಾಕುತ್ತ. "ಸಾವ್ಕಾರ್ರು ಕೇಳಿದ್ದು ಇಪ್ಪತ್ತು ವರ್ಸದ್ದು."

ಆ ಮಾತು ಸುಂದ್ರಮ್ಮನಿಗೆ ನಾಟಿತು. ಎರಡು ದಿನ ಮೊಮ್ಮಗಳ ಜೊತೆ ಮಾತು ಬಿಟ್ಟಳು, ರೊಟ್ಟಿಯನ್ನು ರೇಣಮ್ಮನ ಕೈಯಿಂದಲೇ ಹಾಕಿಸಿಕೊಂಡಳು.

ಎಳ್ಳ ಅಮಾವಾಸ್ಯೆ ಬಂತು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಮನೆಯವರೆಲ್ಲ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಎರಚಲು, ಹೊಲಕ್ಕೆ ಹೋದರು. ಮೊಣಕಾಲು ನೋವೆಂದು ಸುಂದ್ರಮ್ಮ ಉಳಿದಳು. ಒಬ್ಬಳೇ ಇದ್ದಾಗ ಅವಳಿಗೆ ಸುಮ್ಮನೆ ಕೂರಲು ಬಾರದು. ಒಳಕೋಣೆಗೆ ಹೋದಳು. ಅಲ್ಲಿ ಸಾವ್ಕಾರರ ಮೂರು ಬಾಟ್ಲಿಗಳನ್ನು ಮಾನಮ್ಮ ಒದ್ದೆ ಚೀಲದ ಮೇಲೆ ಅಡ್ಡ ಮಲಗಿಸಿದ್ದಳು.

ತುಂಬಿದ ಬಾಟ್ಲಿಯನ್ನು ಯಾರಾದರೂ ಮಲಗಿಸುತ್ತಾರೆಯೇ? ಎತ್ತಿ ನಿಲ್ಲಿಸಿದಳು. ಬೂಚು ಒತ್ತಿ ನೋಡಿದಳು, ಕಲ್ಲು ಕೂತಂತೆ ಕೂತಿತ್ತು. ಸೇಂದಿಯ ಮಡಕೆಗೆ ಎಂದೂ ಬಿಗಿಯಾಗಿ ಬಾಯಿ ಕಟ್ಟಬಾರದು. ಒಳಗೆ ಉಸಿರಾಡುತ್ತಿರುತ್ತದೆ, ಬುರುಗು ಏಳುತ್ತದೆ, ದಾರಿ ಸಿಗದಿದ್ದರೆ ಒಡೆಯುತ್ತದೆ. ಮದುವೆಯಾದ ಹೊಸದರಲ್ಲಿ ಅವಳೇ ಹೀಗೆ ಒಂದು ಮಡಕೆಯ ಬಾಯಿ ಬಿಗಿದು, ಅದು ಸಿಡಿದು ಗಂಡನ ಹುಬ್ಬು ಸೀಳಿತ್ತು. ಹುಡುಗಿಗೆ ಇದೆಲ್ಲ ಯಾರು ಹೇಳಿಕೊಟ್ಟಾರು? ಹೋಟೆಲಿನಲ್ಲಿ ಕಲಿತದ್ದು ಅಷ್ಟೇ ತಾನೆ. ಮಾತು ಬಿಟ್ಟರೂ ಮೊಮ್ಮಗಳು ಮೊಮ್ಮಗಳೇ. ಸುಂದ್ರಮ್ಮ ತಿರುಪು ಹುಡುಕಿ ತಂದಳು, ಬಾಟ್ಲಿಯನ್ನು ಎರಡು ಪಾದದ ನಡುವೆ ಅವಚಿ ಹಿಡಿದು ಒಂದೊಂದೇ ಬೂಚು ಎಳೆದಳು, ಬಾಯಿಗೆ ಒಗೆದ ಅರಿವೆ ಸಡಿಲವಾಗಿ ಹೊದಿಸಿದಳು. ದೊಡ್ಡ ಅನಾಹುತ ತಪ್ಪಿಸಿದ ಸಮಾಧಾನದಿಂದ ಹೊರಗೆ ಬಂದು ಮಲಗಿದಳು.

ನಾಲ್ಕು ದಿನ ಕಳೆದು, ಸಾವ್ಕಾರರ ಮನೆಗೆ ಹೋಗಬೇಕಾದ ದಿನದ ಬೆಳಿಗ್ಗೆ ಒಳಕೋಣೆಯಿಂದ ಮಾನಮ್ಮನ ದನಿ ಬಂತು. "ಇವನ್ನ ಯಾರು ತೆಗದಾರ?"

"ನಾ ತೆಗದೀನಿ," ಅಂದಳು ಸುಂದ್ರಮ್ಮ, ಹೆಮ್ಮೆಯಿಂದಲೇ. "ಅಮಾಸಿ ದಿನನ ತೆಗದೀನಿ. ಇಲ್ಲಂದ್ರ ಒಡೀತಿದ್ವು."

ಮನೆಯವರೆಲ್ಲ ಒಳಕೋಣೆಗೆ ಓಡಿ ಬಂದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

"ನಿನಗ ಯಾರು ಹೇಳಿದ್ರವ್ವ?" ಈಶಪ್ಪನ ಮುಖ ಕೆಂಪಾಗಿತ್ತು. "ಬೂಚು ತೆಗದ್ರ ನಾಕು ದಿನಕ್ಕ ಕೆಡ್ತದ ಅದು. ಬ್ಯಾರೆ ತರಸಾಕ ಹೊತ್ತಿಲ್ಲ. ಸಾವ್ಕಾರ್ರ ಮುಂದ ಯಾವ ಮುಖ ತಗೊಂಡು ಹೋಗ್ಲಿ?"

"ಕೀಲಿ ಹಾಕಿ ಇಡಬೇಕಿತ್ತು ಇಕಿ," ಅಂದಳು ರೇಣಮ್ಮ, ಅತ್ತೆಯನ್ನು ಉಳಿಸಲು ಹೋಗಿ ಮಗಳನ್ನು ಸಿಕ್ಕಿಸುತ್ತ.

ಖಂಡಪ್ಪ ಬೂಚುಗಳನ್ನು ಕೈಗೆತ್ತಿಕೊಂಡ. "ಮಾಮ, ಇವನ್ನ ಮತ್ತ ಒತ್ತಿಬಿಡೂಣು. ಸಾವ್ಕಾರ್ರಿಗಿ ಏನು ಗೊತ್ತಾಗ್ತದ? ಅವರೇನು ದಿನಾ ಕುಡಿಯೋರಲ್ಲ."

ಸುಂದ್ರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ತಾನು ಮಾಡಿದ್ದೇನೆಂದು ಅವಳಿಗೆ ಈಗ ಗೊತ್ತಾಯಿತು. ಗಲ್ಲಾ ಕೊಡಿಸುತ್ತೇನೆಂದು ಓಣಿಯ ತುಂಬ ಹೇಳಿದವಳು ತಾನೇ ಅದನ್ನು ಕೈಯಾರೆ ಕಳೆದೆನಲ್ಲ ಎಂದು ಕಣ್ಣು ತುಂಬಿತು.

ಮಾನಮ್ಮ ಮೂರು ಲೋಟ ತಂದು ಮೂರರಲ್ಲೂ ಒಂದೊಂದು ಗುಟುಕು ಸುರಿದಳು. ಮೂಸಿದಳು, ಬಾಯಿಗೆ ಹಾಕಿದಳು, ಉಗುಳಿದಳು. ಬಿಳಿ ಚೀಟಿಯದನ್ನು ಮಾತ್ರ ಎರಡನೆಯ ಸಲ ಸುರಿದುಕೊಂಡಳು. ಆಮೇಲೆ ಅಜ್ಜಿಯ ಕಡೆ ತಿರುಗಿ ನಕ್ಕಳು.

"ಹಿಂಗ ಒಯ್ಯೂಣು. ಅರಿವಿ ಸೈತ ತೆಗಿಯೂದು ಬ್ಯಾಡ. ಆಯಿ, ಸೀರಿ ಉಟ್ಕೋ. ನೀನೂ ಬರ್ಬೇಕು."

ಬಸವಂತರಾಯರ ಪಡಸಾಲೆಯಲ್ಲಿ ಸುಂದ್ರಮ್ಮ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. ತಪ್ಪು ತನ್ನದು, ತಾನೇ ಹೇಳಬೇಕು. "ಸಾವ್ಕಾರ್ರ, ಈ ಬೂಚು ನಾ ತೆಗದೀನ್ರಿ. ಸೇಂದಿ ಮಡಿಕಿ ಅಂತ ತಿಳಕೊಂಡೆ. ಹುಡುಗಿ ತಪ್ಪಿಲ್ಲ, ಹುಡುಗನ ತಪ್ಪಿಲ್ಲ."

ಬಸವಂತರಾಯ ಗಡ್ಡ ಕೆರೆದುಕೊಂಡರು. "ಹಂಗಾದ್ರ ನಾ ರುಚಿ ನೋಡೂದೇನು?"

"ನೋಡ್ರಿ," ಅಂದಳು ಮಾನಮ್ಮ. "ಬ್ಯಾರೆದೋರಿಗಿ ಮುಚ್ಚಿದ ಬಾಟ್ಲಿ ತೋರಸ್ತಿದ್ದೆ. ನಿಮಗ ಇದ ಛಲೋ ಆತು. ವೈನಿನ ವೈರಿ ಗಾಳಿ. ನಾಕು ದಿನದಿಂದ ಮೂರೂ ಗಾಳಿ ಕುಡದಾವ. ಗಾಳಿ ತಡಕೊಂಡದ್ದ ವರ್ಸಗಟ್ಟಲೆ ತಾಳೂದು. ಯಾವುದು ತಡಕೊಂಡದ ನೀವ ಹೇಳ್ರಿ."

ಬಂಗಾರದ ಚೀಟಿಯದು ಮೊದಲು. ಸಾವ್ಕಾರರು ಒಂದು ಗುಟುಕಿಗೇ ಲೋಟ ಕೆಳಗಿಟ್ಟರು. ಸಿಹಿ ಹೋಗಿ ಹುಳಿ ನೀರು ಉಳಿದಿತ್ತು. ಕೆಂಪು ಚೀಟಿಯದು ಪರವಾಗಿಲ್ಲ ಎನ್ನುವಂತಿತ್ತು, ಘಾಟು ಸತ್ತಿತ್ತು. ಬಿಳಿ ಚೀಟಿಯದನ್ನು ನುಂಗಿ ಅವರು ಇನ್ನೊಂದು ಗುಟುಕು ಹಾಕಿಕೊಂಡರು. ಆಮೇಲೆ ಲೋಟವನ್ನು ಸುಂದ್ರಮ್ಮನ ಕಡೆ ಚಾಚಿದರು. "ನೀ ನೋಡು ಸುಂದ್ರವ್ವ. ನಾಲಿಗಿ ನಿಂದು."

ಅದೇ ವೈನು ಎಂದು ಸುಂದ್ರಮ್ಮನಿಗೆ ನಂಬಿಕೆ ಬರಲಿಲ್ಲ. ಒಗರು ಇತ್ತು, ಕಚ್ಚುತ್ತಿರಲಿಲ್ಲ. ಮೊದಲು ಇಲ್ಲದ ಪರಿಮಳ ಎಲ್ಲಿಂದಲೋ ಮೇಲೆ ಬಂದಿತ್ತು, ಮಳೆಗೆ ಮೊದಲು ಕರಿ ಎರೆ ಮಣ್ಣಿನಿಂದ ಬರುತ್ತದಲ್ಲ, ಅದರ ಹತ್ತಿರದ್ದು. ಅವಳು ಲೋಟ ಖಾಲಿ ಮಾಡಿದಳು.

"ನನ್ನ ನಾಲಿಗಿ ತಪ್ಪಿತ್ರಿ ಸಾವ್ಕಾರ್ರ," ಅಂದಳು. ಜೀವನದಲ್ಲಿ ಮೊದಲ ಸಲ ಆಡಿದ ಮಾತು. ಆಡಿದ ಮೇಲೆ ಅಷ್ಟೇನೂ ಕಷ್ಟವಾಗಲಿಲ್ಲ.

"ಖಾತ್ರಿ ಏನು ತಂಗಿ? ಇಪ್ಪತ್ತು ವರ್ಸ ನಿಲ್ತದೇನು?" ಸಾವ್ಕಾರರು ಮಾನಮ್ಮನನ್ನೇ ಕೇಳಿದರು.

"ಖಾತ್ರಿ ಅಂತ ಹೇಳಿದ್ರ ಸುಳ್ಳು ಹೇಳಿದಂಗ ಆಗ್ತದ್ರಿ. ಈ ಮೂರರಾಗ ನಿಲ್ಲೂದಾದ್ರ ಇದು. ಅದೂ ತಂಪು, ಕತ್ತಲಿ, ಸ್ವಲ್ಪ ತೇವ ಇರೂ ಜಾಗ ಬೇಕು. ನಮ್ಮ ಬ್ಯಾಸಗಿ ಬಿಸಲು ತಟ್ಟಿತೋ, ಒಂದ ವರ್ಸದಾಗ ಮುಗೀತದ."

ಸಾವ್ಕಾರರು ಎದ್ದು ಅಂಗಳದ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಹಾಸುಗಲ್ಲಿನ ಕೆಳಗೆ ಅವರ ಅಜ್ಜನ ಕಾಲದ ಹಗೇವು, ಜೋಳ ತುಂಬಿಡುವ ನೆಲದಡಿಯ ಕಣಜ. ಕೆನಾಲಿನ ನೀರು ನೆಲಕ್ಕೆ ಇಳಿದಾಗಿನಿಂದ ಒಳಗೆ ತೇವ ಏರಿ, ಇಟ್ಟ ಜೋಳವೆಲ್ಲ ಮುಗ್ಗಿ, ಬಹಳ ವರ್ಷದಿಂದ ಖಾಲಿ ಬಿದ್ದಿತ್ತು. "ಕೆನಾಲು ನನ್ನ ಗಿರಣಿ ತುಂಬಿಸ್ತು, ಇದನ್ನ ಹಾಳು ಮಾಡ್ತು," ಎಂದರು.

ಮಾನಮ್ಮ ಬಗ್ಗಿ ಕಲ್ಲಿನ ಸಂದಿಗೆ ಅಂಗೈ ಹಿಡಿದಳು. "ಇದಕ್ಕಿಂತ ಛಲೋ ಜಾಗ ಎಲ್ಲಿ ಹುಡುಕ್ತೀರಿ?" ಅಂದಳು.

ಬಿಳಿ ಚೀಟಿಯ ಪೆಟ್ಟಿಗೆ ತರಿಸುವುದೆಂದು ಅಲ್ಲೇ ಮಾತಾಯಿತು. ಗಲ್ಲಾದ ಮಾತು ಮಾತ್ರ ಆಗಲಿಲ್ಲ. ಮನೆಗೆ ಬಂದು ಸುಂದ್ರಮ್ಮ ಕೇಳಿದರೆ ಈಶಪ್ಪ ಅಂಗಿ ಗೂಟಕ್ಕೆ ಹಾಕುತ್ತ, "ಒಂದು ಬಾಟ್ಲಿ ಆರಿಸೂದು ಬ್ಯಾರೆ, ದಿನಾ ಕುಡುಕರ ಜೋಡಿ ಏಗೂದು ಬ್ಯಾರೆ, ಅವ್ವ. ನೋಡೂಣು," ಅಂದ.

"ಮಾತು ಕೊಟ್ಟಿದ್ದಿ ನೀನು."

"ನಾ ಎಲ್ಲಿ ಕೊಟ್ಟೆ? ಓಣ್ಯಾಗ ನೀ ಕೊಟ್ಟಿ."

ಮೂರು ವಾರ ಹೀಗೇ ನಡೆಯಿತು. ಸುಂದ್ರಮ್ಮ ಕೆನಾಲಿನ ಅಕ್ಕಿಯ ಅನ್ನ ಬೇಡವೆಂದಳು, ರೊಟ್ಟಿಯೂ ಬೇಡವೆಂದಳು. ಹಸಿವೆಯಾದಾಗ ರೇಣಮ್ಮನ ಹತ್ತಿರ ಗುಟ್ಟಾಗಿ ಇಸಿದುಕೊಂಡು ತಿಂದಳು. ಖಂಡಪ್ಪ ದಿನಾ ಅಂಗಡಿಗೆ ಹೋಗಿ ಬರುತ್ತಿದ್ದ, ಗಲ್ಲಾದ ಮೇಲೆ ಇನ್ನೂ ಕೂತಿರಲಿಲ್ಲ. ಮಾನಮ್ಮ ಜಗಳಕ್ಕೆ ಬರಲಿಲ್ಲ. "ಪೆಟ್ಟಿಗಿ ಬರಲಿ ಆಯಿ," ಅನ್ನುತ್ತಿದ್ದಳು, ಅಷ್ಟೇ.

ಜವಳದ ದಿನ ಪೆಟ್ಟಿಗೆ ಸಾವ್ಕಾರರ ಅಂಗಳದಲ್ಲಿತ್ತು. ಹಿಂದಿನ ದಿನವೇ ಹಗೇವಿನ ಕಲ್ಲು ಸರಿಸಿ ಗಾಳಿಗೆ ಬಿಟ್ಟಿದ್ದರು. ಆಳು ಕಂದೀಲು ಇಳಿಬಿಟ್ಟು, ದೀಪ ಆರದೆ ಉರಿಯುವುದನ್ನು ನೋಡಿ ಕೆಳಗಿಳಿದ. ಮಾನಮ್ಮ ಮೇಲೆ ಕೂತು ಒಂದೊಂದೇ ಬಾಟ್ಲಿ ಇಳಿಸುತ್ತ ಹೇಳುತ್ತಿದ್ದಳು. "ಕಲ್ಲಿನ ಮ್ಯಾಲೆ ಅಡ್ಡ ಮಲಗಸಣ್ಣ. ಬೂಚಿಗಿ ವೈನು ತಾಗಬೇಕು, ಇಲ್ಲಂದ್ರ ಒಣಗಿ ಸಂದಿ ಬಿಡ್ತದ." ಬೋಳು ತಲೆಯ ಮೊಮ್ಮಗ ಗಂಧ ಹಚ್ಚಿಸಿಕೊಂಡು ಅಜ್ಜನ ಕೈ ಹಿಡಿದು ನಿಂತಿದ್ದ. ಈಶಪ್ಪ, ಖಂಡಪ್ಪ, ರೇಣಮ್ಮ ಎಲ್ಲರೂ ಇದ್ದರು.

ಕಲ್ಲು ಮುಚ್ಚಿದ ಮೇಲೆ ಸಾವ್ಕಾರರು ಬಣ್ಣದ ಡಬ್ಬಿ, ಕುಂಚ ತರಿಸಿದರು. "ಕಾಗದದ ಚೀಟಿ ತೇವಕ್ಕ ಕೊಳೀತಾವ. ಕಲ್ಲಿನ ಮ್ಯಾಲ ಬರೀತೀನಿ. ವರ್ಸ ಬರೀತೀನಿ. ಯಾರ ಹೆಸರು ಬರೀಲಿ ಈಶಪ್ಪ? ಇದನ್ನ ತೆಗಿಯೂ ದಿನ ನಾ ಇರ್ತೀನೋ ಇಲ್ಲೋ. ಯಾವಾಗ ತೆಗೀಬೇಕು, ಹೆಂಗ ತೆಗೀಬೇಕು ಅಂತ ನಮ್ಮ ಹುಡುಗ ಯಾರನ್ನ ಕೇಳಬೇಕು?"

ಈಶಪ್ಪ ತನ್ನ ಹೆಸರು ಹೇಳಲು ಬಾಯಿ ತೆರೆದ. ಬೋಳು ತಲೆಯ ಹುಡುಗನನ್ನು ನೋಡಿದ, ಇಪ್ಪತ್ತು ವರ್ಷ ಕೂಡಿಸಿದ, ಬಾಯಿ ಮುಚ್ಚಿದ. ಖಂಡಪ್ಪನ ಕಡೆ ನೋಡಿದ.

ಖಂಡಪ್ಪನೇ ತಲೆ ಅಲ್ಲಾಡಿಸಿದ. "ನನ್ನ ಹೆಸರು ಬ್ಯಾಡ ಮಾಮ. ನಾ ಬೂಚು ಮತ್ತ ಒತ್ತಾಕ ಹೋಗಿದ್ದೆ."

ಸುಂದ್ರಮ್ಮ ಮುಂದೆ ಬಂದಳು. ಮಗನ ಜೊತೆ ಜಗಳದ ದನಿ ಅವಳಲ್ಲಿ ಉಳಿದಿರಲಿಲ್ಲ. "ಈಶ್ಯಾ, ಅವತ್ತು ನಾನೂ ಇರಾಂಗಿಲ್ಲೋ. ನನ್ನ ಮ್ಯಾಲಿನ ಹಟಕ್ಕ ಹೇಳಬ್ಯಾಡ. ಇದು ಯಾರಿಗಿ ಗೊತ್ತದ, ಅವರ ಹೆಸರು ಹೇಳು."

ಅಂಗಳದಲ್ಲಿ ಜವಳಕ್ಕೆ ಬಂದ ಅರ್ಧ ಊರೇ ಇತ್ತು. ಈಶಪ್ಪ ಯಾವ ಮಂದಿಗೆ ಇಷ್ಟು ದಿನ ಹೆದರಿದ್ದನೋ ಅದೇ ಮಂದಿ.

"ಮಾನಮ್ಮ ಅಂತ ಬರೀರಿ ಸಾವ್ಕಾರ್ರ," ಅಂದ ಅವನು, ಎಲ್ಲರಿಗೂ ಕೇಳುವಂತೆ. "ಶಹಾಪುರ ಅಂಗಡಿಗಿ ಬಂದು ಕೇಳ್ರಿ. ಅಕಿನ ಗಲ್ಲಾದ ಮ್ಯಾಲೆ ಇರ್ತಾಳ. ನಾನೂ ಖಂಡಪ್ಪನೂ ಸುರಪುರಕ್ಕ ಹೋಗ್ತೀವಿ."

ಸಾವ್ಕಾರರು ಮೊಣಕಾಲೂರಿ ಬರೆಯತೊಡಗಿದರು. ಸುಂದ್ರಮ್ಮನಿಗೆ ಓದಲು ಬರುತ್ತಿರಲಿಲ್ಲ. ಕುಂಚ ನಿಂತ ಮೇಲೆ ಅವಳು ಬಗ್ಗಿ, ಹಸಿ ಬಣ್ಣಕ್ಕೆ ತಾಗದಂತೆ, ಮೊಮ್ಮಗಳ ಹೆಸರಿನ ಉದ್ದಕ್ಕೂ ಕಲ್ಲನ್ನು ಸವರಿದಳು.

"ದೊಡ್ಡದಾಗಿ ಬರದೀರೋ ಇಲ್ಲೋ?" ಅಂತ ಕೇಳಿದಳು.